ಲಾಟು ನಂಬರ್ ಇನ್ನೂರ ಹನ್ನೊಂದು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು, ಹನ್ನೊಂದೂವರೆ.
ತಕ್ಕಡಿಯ ಕಡೆಯಿಂದ ನನ್ನ ಕಿಟಕಿಗೆ ಕೂಗು:
ನಲವತ್ತೊಂದು ಮುನ್ನೂರು!
ಒತ್ತುತ್ತೇನೆ. ಡಿಸ್ಕು 'ಆಯ್ತು' ಅನ್ನುತ್ತದೆ.

ಆಯ್ತು ಅಂದರೆ ಏನಾಯ್ತು?
ಒಳಗಿನ ತಟ್ಟೆಯ ಮೇಲೆ ಅಚ್ಚು ಬಿತ್ತೇ,
ಕೇಳಿಸಿಕೊಂಡೆ ಅಂತಷ್ಟೇ ಅರ್ಥವೇ?
ಹೋಟೆಲಿನ ಹುಡುಗ 'ಬಂತು ಅಣ್ಣಾ' ಅಂದಾಗ
ಟೀ ಇನ್ನೂ ಒಲೆಯ ಮೇಲೇ ಇರುತ್ತದಲ್ಲ, ಹಾಗೆ
ಅಂಕಿಗಳು ಅದರ ಬಾಯಲ್ಲೇ ಇರುತ್ತವೆ
ಕರೆಂಟು ಇರುವಷ್ಟು ಹೊತ್ತು.

ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಅಶ್ವತ್ಥಯ್ಯನವರಿಗೆ
ಎರಡು ಪುಸ್ತಕ.
ಒಂದು ಕೆಂಪು ರಟ್ಟಿನ ಖಾತೆ. ಇನ್ನೊಂದು
ಕ್ಯಾಲೆಂಡರಿನ ಹಾಳೆ ಮಗುಚಿ ಹೊಲಿದ ಕೈಪುಸ್ತಕ.
ಏನು ಬರೆಯಲಿದ್ದೇನೆ ಅಂತ ಮೊದಲು ಅದರಲ್ಲಿ ಗೀಚಿ
ಕೆಳಗೊಂದು ಗೆರೆ ಎಳೆದು, ಆಮೇಲೆ ಖಾತೆ ತೆರೆಯುವರು.
"ಗೆರೆ ಇದ್ದರೆ ಮಾತು ಪೂರ್ತಿ. ಇಲ್ಲದಿದ್ದರೆ
ಅದು ಆಡದ ಮಾತು, ಬಿಟ್ಟುಬಿಡು ನಸೀಮಾ.
ಅರ್ಧ ಬರೆದ ಲೆಕ್ಕಕ್ಕಿಂತ
ಬರೆಯದ್ದೇ ವಾಸಿ."

ಲಿನಕ್ಸು ಹಾಕಲು ಬಂದ ಹುಡುಗ ಜರ್ನಲ್ ಅಂದಾಗ
ನಗು ಬಂತು. ಗೊತ್ತು, ಅಂದೆ.

ಗೊತ್ತಿದ್ದವಳೇ, ಹೋದ ಬುಧವಾರ
ಸಾಲು ಬಾಗಿಲು ದಾಟಿ ರಸ್ತೆಗೆ ಬಂದಾಗ,
'ಏನಮ್ಮಾ, ನಿನ್ನ ಮಿಷನ್ನು ನಿದ್ದೆ ಮಾಡ್ತಾ?' ಅಂದಾಗ
ಬ್ಯಾರಿಯರ್ ತೆಗೆದೆ.
ಅದೊಂದು ಗೇಟು. ಕೈಪುಸ್ತಕದ ಗೆರೆ ತಟ್ಟೆಗೆ ಇಳಿಯುವ ತನಕ
ಖಾತೆಯನ್ನು ಮುಟ್ಟಗೊಡದ್ದು.
ತೆಗೆದ ಮೇಲೆ ಎಲ್ಲ ಸರಸರ.
ಎಲ್ಲರಿಗೂ ಆಯ್ತು, ಆಯ್ತು, ಆಯ್ತು.

ಇವತ್ತು ಕರೆಂಟು ಹೋಯಿತು.
ಯುಪಿಎಸ್ಸು ಮೂರು ಸಲ ಕೂಗಿ ಸುಮ್ಮನಾಯಿತು;
ಹೊಸ ಬ್ಯಾಟರಿಗೆ ಅರ್ಜಿ ಹಾಕಿ ಯುಗಾದಿಗೆ ವರ್ಷ.

ಎದ್ದ ಯಂತ್ರ ತನ್ನ ಕೈಪುಸ್ತಕ ತಿರುವಿತು.
ಇನ್ನೂರ ಎಂಟು, ಇದೆ. ಒಂಬತ್ತು, ಹತ್ತು, ಇವೆ.
ಇನ್ನೂರ ಹನ್ನೊಂದರ ಹೆಸರಿದೆ, ಜಾಲರಿ ಸಂಖ್ಯೆ ಇದೆ,
ತೂಕದ ಜಾಗದಲ್ಲಿ
ಯಾರದೋ ಹಳೆಯ ಫೋನ್ ನಂಬರಿನ ತುಂಡು.

ಕಿಟಕಿಯಾಚೆ ಮೇಲೂರಿನ ಮುನಿನಂಜಮ್ಮ.
ಅವಳ ಗೂಡು ಆಗಲೇ ಚಾಂದ್ ಪಾಷರ ಆಟೋದಲ್ಲಿ
ಇನ್ನೊಂದು ಲಾಟಿನ ಜೊತೆ ಬೆರೆತಿದೆ.
ಸೆರಗಿಗೆ ಅಂಟಿ ಉಳಿದ ಒಂದೇ ಒಂದನ್ನು
ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ, ಬರೀ ಅಭ್ಯಾಸ;
ಒಳಗೆ ಹುಳು ಗಲಗಲ ಅಂದರೆ ಬಲಿತಿದೆ ಅಂತ.
ಡಿಸ್ಕನ್ನು ಹಾಗೆ ಅಲ್ಲಾಡಿಸಿ ಕೇಳುವಂತಿಲ್ಲ.

ಎಷ್ಟಿತ್ತಮ್ಮಾ, ಅಂದೆ.
"ನೀನೇ ಅಲ್ವಾ ಆಯ್ತು ಅಂದಿದ್ದು?"

ಪಾಷ ಬರೀ ನಲವತ್ತೊಂದು ಅಂದರು.
ನನ್ನ ಕಿವಿಯಲ್ಲಿ ಮುನ್ನೂರು ಇನ್ನೂ ಕೂಗುತ್ತಿತ್ತು.
ಕಿಲೋಗೆ ಐನೂರ ತೊಂಬತ್ತು. ಪರ್ಸು ತೆಗೆದು
ನೂರ ಎಪ್ಪತ್ತೇಳು ರೂಪಾಯಿ ಎಣಿಸಿದೆ.
ಅವಳೂ ಎಣಿಸಿಕೊಂಡಳು, ಎರಡು ಸಲ.

ಗೇಟು ಮತ್ತೆ ಹಾಕಿದ್ದೇನೆ.
ಸಾಲು ಮತ್ತೆ ರಸ್ತೆಗೆ ಬಂದಿದೆ.
ಆಯ್ತಾ ಅಂತ ಕೇಳಿದವರಿಗೆ
ಪೆಟ್ಟಿಗೆಯ ಕೆಂಪು ಲೈಟು ಮಿಣುಕುವುದನ್ನೇ ನೋಡುತ್ತಾ
ತಡೀರಿ, ಅನ್ನುತ್ತೇನೆ,
ಇನ್ನೂ ಇಲ್ಲ.