ಒಂದು ಯುನಿಟ್ಟಿಗೆ ಎಷ್ಟು ಸೆರಗು

ಮುಧೋಳದ ತೌಸೀಫನ ಅಂಗಡಿಯೊಳಗ
ಆರು ಸಾವಿರದ ಎಂಟುನೂರಕ್ಕ ತಂದ ಕಾರ್ಡು.
ಎರಡು ಕೈ ದಾಟಿ ಬಂದದ್ದು,
ಫ್ಯಾನಿನ ಒಂದು ರೆಕ್ಕಿ ತುಸು ಸೀಳಿದ್ದು.
"ಉಣ್ಣೂದು ಭಾಳ ಇಲ್ಲರಿ ಅಕ್ಕಾರ" ಅಂದಿದ್ದ.
ಎಮ್ಮಿ ಮಾರಾವ್ರೂ ಹಿಂಗ ಅಂತಾರ.

ನಂಬಲಿಲ್ಲ.
ಗ್ವಾಡಿಗೂ ಪ್ಲಗ್ಗಿಗೂ ನಡುವ
ಅಂಗೈಯಷ್ಟು ಮೀಟರ್ ಸಿಗಿಸಿ ಕುಂತೆ,
ಬನಹಟ್ಟಿಯ ಹಿಂದಿನ ಓಣ್ಯಾಗ,
ರಾತ್ರಿ ಒಂಬತ್ತೂವರಿಗೆ.

ಸುಮ್ನ ಇದ್ದಾಗ ನಲವತ್ತೊಂದು ವ್ಯಾಟ್.
ಮೌಸ್ ಅಳ್ಳಾಡಿಸಿದ್ರ ಐವತ್ತಾರು.
ಮತ್ತ ಇಳೀತು.
ಬರ್ಕೋ ಕಾಕಾ, ಅಂದೆ.

ಚನಮಲ್ಲ ಕಾಕಾ.
ನಲವತ್ತು ವರ್ಷ ಜಕಾರ್ಡಿನ ರಟ್ಟಿಗೆ ತೂತು ಹೊಡದ ಕೈ.
ಈಗ ಅವನ ತೂತು ನಾ ಪರದೆ ಮ್ಯಾಲ ಹೊಡೀತೀನಿ,
ಅಂವ ಬಾಜೂಕ ಕುಂತು ತಪ್ಪು ಹಿಡೀತಾನ.
ಹೊಸ ಕಾರ್ಡು ಬಂದೈತಿ ಅಂದಾಗ ಕೈ ಚಾಚಿ ಕೇಳಿದ್ದ:
"ಎಷ್ಟು ತೂತದಾವ ಇದಕ್ಕ?"
"ಒಂದೂ ಇಲ್ಲ."
"ಮತ್ತ ನೂಲಿಗೆ ಹೆಂಗ ಗೊತ್ತಾಗತೈತಿ,
ಏಳೂದು ಯಾವಾಗ ಅಂತ?"

ಮೊದಲು ಕಾರ್ಡು ಬಿಚ್ಚಿಟ್ಟು ನೋಡಿದ್ವಿ.
ಕೆಂಪು ಸೆರಗು, ತುದಿಗೆ ಬಿಳಿ ತೆನಿ,
ಹೆಗಲಿಂದ ಜೋತು ಬಿದ್ದ ಮಡಿಕಿ ಸಮೇತ
ಪರದೆ ಮ್ಯಾಲ ಮೂಡೂದಕ್ಕ
ಹತ್ತೊಂಬತ್ತು ನಿಮಿಷ, ಎಂಬತ್ತೆಂಟು ವ್ಯಾಟ್.
ಕಾಕಾನ ಚಾ ಆರಿ ಕೆನಿ ಕಟ್ಟಿತ್ತು.

ಕಾರ್ಡು ಕೂಡ್ರಿಸಿದೆ.
ಮೀಟರು ಒಮ್ಮೆಗೇ ನೂರಾ ನಲವತ್ತಕ್ಕ ಜಿಗೀತು.
"ಏ, ಬಕಾಸುರನ್ನ ತಂದಿಯಲ್ಲ ಮನಿಗೆ!"
ಆದರ ನಾಲ್ಕು ನಿಮಿಷಕ್ಕ
ಸೆರಗು ಹೊದ್ದು ನಿಂತಿತ್ತು,
ಅಂಕಿ ಇಳದು ತಣ್ಣಗ ತನ್ನ ಜಾಗಕ್ಕ ಕುಂತಿತ್ತು.

ಗುಣಿಸಿ ಭಾಗಿಸಿದ್ರ,
ಸಾವಿರ ಕೂಡಿದ್ರ ಒಂದು ಯುನಿಟ್ಟು ಅನ್ನೋ ಲೆಕ್ಕಕ್ಕ
ಮೆಲ್ಲಗ ಉಂಡದ್ದು ಇಪ್ಪತ್ತೆಂಟು,
ಗಪಗಪ ಉಂಡು ಎದ್ದದ್ದು ಒಂಬತ್ತು ಚಿಲ್ರೆ.
ತೌಸೀಫ ಸುಳ್ಳು ಹೇಳಿರಲಿಲ್ಲ,
ಖರೇನೂ ಹೇಳಿರಲಿಲ್ಲ.

ಇನ್ನೊಂದೈತಿ.
ಗ್ವಾಡಿಯಿಂದ ನೂರು ಹೊಂಟ್ರ
ಕಾರ್ಡಿನ ತನಕ ನೂರೂ ಮುಟ್ಟೂದಿಲ್ಲ,
ಹದಿನೇಳು ಆ ಕರೀ ಡಬ್ಬಿಯೊಳಗ
ಬಿಸಿ ಉಸರಾಗಿ ಹೋಗತಾವ.
"ದಲಾಲಿ" ಅಂದ ಕಾಕಾ,
ಅದನ್ನೂ ಬರದ.

ಹತ್ತಕ್ಕ ಬಾಜೂ ಶೆಡ್ಡಿನ್ಯಾಗ ಪಾಳಿ ಬದಲಾತು.
ಇಪ್ಪತ್ನಾಲ್ಕು ಮಗ್ಗ
ಖಟಾಪಟ್ ಖಟಾಪಟ್ ಎದ್ದದ್ದ ತಡ
ಇನ್ನೂರಾ ಇಪ್ಪತ್ತಾರು ಇದ್ದ ವೋಲ್ಟೇಜು
ನೂರಾ ತೊಂಬತ್ತೆಂಟಕ್ಕ ಕುಸೀತು.
ಅಳತಿ ನನ್ನ ಕಾರ್ಡಿಂದು,
ಅಂಕಿಯೊಳಗ ನಡಗೂದು
ಆಚೀಕಡಿ ದಾಕ್ಷಾಯಣಿಯ ಮಗ್ಗ.

ಕಡೀಕ ಒಂದು ಚಾಳಿ ಮಾಡಿದ್ನಿ.
ಕಾರ್ಡಿನ ಊಟ ನೂರರಿಂದ ಎಪ್ಪತ್ತಕ್ಕ ಇಳಿಸಿ
ಅದ ಸೆರಗು ಅದಕ್ಕ ಹಚ್ಚಿದೆ.
ಗ್ವಾಡಿಯೊಳಗ ನೂರಾ ಹದಿನಾಲ್ಕು.
ತಡಾ ಆದದ್ದು ಬರೇ ಅರ್ಧ ನಿಮಿಷ.
ಯುನಿಟ್ಟಿಗೆ ನೂರಾ ಏಳು ಸೆರಗು ಇದ್ದದ್ದು
ನೂರಾ ಹದಿನೇಳು ಆತು.

ಕುಣೀಬೇಕನಿಸ್ತು ನನಗ.
ಕಾಕಾ ಪೆನ್ಸಿಲ್ ಎತ್ತಲಿಲ್ಲ.
ಮಗ್ಗದ ಸಪ್ಪಳದ ಕಡೆ ಒಮ್ಮೆ ಕಿವಿಗೊಟ್ಟ.
"ಊಟ ಕಡಿಮಿ ಮಾಡಿದ್ರ
ಹೆಚ್ಚು ದುಡೀತೈತಿ ಅಂದಂಗಾತು."
"ಹೂಂ."
"ಈ ಲೆಕ್ಕ ಶೆಡ್ಡಿನ ಮಾಲಕಗ ಹೇಳಬ್ಯಾಡವಾ."

ನಗಬೇಕಂತ ಬಾಯಿ ತಗದೆ,
ಅಷ್ಟರಾಗ ಕರೆಂಟ್ ಹೋತು.

ಇಪ್ಪತ್ನಾಲ್ಕು ಮಗ್ಗ ಕೂಡೇ ಬಾಯಿ ಮುಚ್ಚಿದ್ವು.
ಸೀಳಿದ ರೆಕ್ಕಿಯ ಫ್ಯಾನು ಒಂದ
ಕತ್ತಲದಾಗ ಕರಕರ ತಿರುಗಿ, ನಿಧಾನಾಗಿ,
ನಿಂತಿತು.
ಮೀಟರಿನ ನೆನಪು ಸೊನ್ನೆ.

ನಮ್ಮ ಅಂಕಿಗಳು ಉಳದದ್ದು
ಕಾಕಾನ ತೊಡಿ ಮ್ಯಾಲ,
ಹಳೀ ಜಕಾರ್ಡ್ ರಟ್ಟಿನ್ಯಾಗ,
ತೂತು ತಪ್ಪಿಸಿ ತಪ್ಪಿಸಿ ಬರದದ್ದು.
ಟಾರ್ಚ್ ಹಿಡದು ನೋಡಿದ್ರ
ನಲವತ್ತೊಂದರ ಬಾಜೂಕ ಮೂರು ಬೆಳಕಿನ ಚುಕ್ಕಿ,
ದಲಾಲಿಯ ಕೆಳಗ ಎರಡು,
ಉಳದದ್ದೆಲ್ಲ ಗ್ವಾಡಿ ಮ್ಯಾಲ.

ಒಂದು ರಟ್ಟು ಅಂದ್ರ ಒಂದ ಎಳಿ.
ಯಾವ ಹೂವಿನ ಎಳಿ ಇದು, ಕೇಳಿದೆ.
ಕಾಕಾ ರಟ್ಟು ತಿರುಗಿಸಿ, ಮುರುಗಿಸಿ,
"ಸೀರಿ ಹರದು ಎಷ್ಟು ವರ್ಷಾತೋ" ಅಂದ.

ಹನ್ನೊಂದಕ್ಕ ಕರೆಂಟ್ ಬಂತು.
ಬರ್ಕೋ, ಅಂದೆ.
ಸುಮ್ನ ಇದ್ದಾಗ, ನಲವತ್ತೆರಡು.