ಕೂರುವವರಿಲ್ಲ

ರಾತ್ರಿ ಒಂಬತ್ತಕ್ಕೆ ಟೀವಿಯಲ್ಲಿ ಹೇಳಿಬಿಟ್ಟರು, ಡೆಲ್ಬರ್ಟ್,
ನಿನಗೆ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ
ನಲವತ್ತೇಳು ನಿಮಿಷದಲ್ಲಿ,
ನಡುವೆ ಮಂಡಿನೋವಿನ ಮಾತ್ರೆಯ ಜಾಹೀರಾತು ನಾಲ್ಕು ಸಲ.

ಮುಖ ತೋರಿಸದ ಒಂದು ಗಡಸು ದನಿ:
‘ಪಾಮ್‌ಡೇಲ್, ಮೊಹಾವಿ ಮರುಭೂಮಿಯ ಅಂಚು.
ಇಲ್ಲಿ, ಕಿಟಕಿಯಿಲ್ಲದ ಒಂದು ಕಟ್ಟಡದಲ್ಲಿ...’
ಹಿಂದೆ ಎದೆ ನಡುಗಿಸುವ ಡೋಲು.
ಆ ಕಟ್ಟಡದಲ್ಲಿ ಡೋಲಿರಲಿಲ್ಲ ಮಾರಾಯ,
ಕಂಪ್ರೆಸರಿನ ಗೊರಗೊರ, ಅಂಟಿನ ಘಾಟು,
ಶುಕ್ರವಾರಗಳಲ್ಲಿ ಇಮೋಜಿನ್ ತರುತ್ತಿದ್ದ
ಅಂಚು ಸೀದ ಜೋಳದ ರೊಟ್ಟಿ.

ನಾನು ಕಾರಿನ ಸೀಟು ಹೊಲಿಯುತ್ತೇನೆಂದು ನೀನು ನಂಬಿದ್ದೆ.
ಪೂರ್ತಿ ಸುಳ್ಳಲ್ಲ. ಸೀಟೇ.
ಕೂರುವವನು ಎಂಬತ್ತು ಸಾವಿರ ಅಡಿ ಮೇಲೆ ಕೂರುತ್ತಿದ್ದ, ಅಷ್ಟೆ.
ಕಾಗದಕ್ಕೆ ಸಹಿ ಹಾಕಿದ ದಿನ
ತುಟಿಯನ್ನೂ ಅದೇ ದಾರದಲ್ಲಿ ಹೊಲಿದುಕೊಂಡೆ,
ಇಂಚಿಗೆ ಆರು ಹೊಲಿಗೆ.
ಇಪ್ಪತ್ತಾರು ವರ್ಷ, ಒಂದೂ ಬಿಚ್ಚಲಿಲ್ಲ.

ಆಕಾಶ ಢಮ್ಮೆಂದಾಗ ನಿನ್ನಮ್ಮನ ಪಿಂಗಾಣಿ ತಟ್ಟೆ
ಬಿದ್ದು ಒಡೆಯಿತಲ್ಲ,
ಅಂಗಳಕ್ಕೆ ಹೋಗಿ ಮುಗಿಲಿಗೆ ಮುಷ್ಟಿ ತೋರಿಸಿ ಬೈದೆ ನೀನು.
ನಾನು ಚೂರು ಆರಿಸುತ್ತ ನೆಲ ನೋಡುತ್ತಿದ್ದೆ.
ಹಾರಿಹೋದವನು ಯಾರೆಂದು ನನಗೆ ಗೊತ್ತಿತ್ತು:
ಎಡಭುಜ ಚೂರು ಇಳಿದ ಹುಡುಗ,
ಅವನ ಪಟ್ಟಿಯನ್ನು ಆ ಸೋಮವಾರವಷ್ಟೇ
ಅರ್ಧ ಇಂಚು ಗಿಡ್ಡ ಮಾಡಿದ್ದೆ.
ಹೆಸರು ಮರೆತೆ. ಅಳತೆ ಈಗಲೂ ಬೆರಳಿನಲ್ಲಿದೆ.

ಟೀವಿಯಲ್ಲಿ ಟೈ ಕಟ್ಟಿದವರೇ ಮಾತಾಡಿದರು,
ರೆಕ್ಕೆಯ ಬಗ್ಗೆ, ರೇಡಾರಿನ ಬಗ್ಗೆ, ಕೋಟಿಗಳ ಬಗ್ಗೆ.
ದಾರದ ಮಾತು ಯಾರೂ ಎತ್ತಲಿಲ್ಲ.
ಒಂದು ಹಳೇ ರೀಲಿನ ತುಣುಕು, ಮೂರು ಸೆಕೆಂಡು:
ಮೂಲೆಯಲ್ಲೊಂದು ಮೊಣಕೈ, ಮಡಚಿದ ನೀಲಿ ತೋಳು.
ನಿಲ್ಲಿಸಿದೆ. ಹಿಂದಕ್ಕೋಡಿಸಿದೆ. ಮತ್ತೆ ನಿಲ್ಲಿಸಿದೆ.
ನನ್ನದೋ, ಇಮೋಜಿನಳದೋ?
ಹತ್ತಿರ ಹೋಗಿ ಗಾಜಿನ ಪಕ್ಕ ನನ್ನ ಕೈಯಿಟ್ಟು ನೋಡಿದೆ;
ಈ ಚರ್ಮ ಸಾಕ್ಷಿ ಹೇಳುವ ಸ್ಥಿತಿಯಲ್ಲಿಲ್ಲ.

ಆಮೇಲೆ ಬಂತು ಅದು. ಬೂದು ಬಣ್ಣ, ಉದ್ದುದ್ದ ರೆಕ್ಕೆ,
ಗಾಜಿರಬೇಕಾದಲ್ಲಿ ಊದಿಕೊಂಡ ಕುರುಡು ಹಣೆ.
ನೆನಪಿದೆಯಾ, ಒಂದು ಗುರುವಾರ ಮಧ್ಯಾಹ್ನವೇ ಮನೆಗೆ ಬಂದೆ,
ಜ್ವರವಾ ಎಂದು ನೀನು ಕತ್ತು ಮುಟ್ಟಿ ನೋಡಿದೆ?
ಅವತ್ತು ಮೇಸ್ತ್ರಿ ಮೇಜಿನ ಮೇಲೆ ಹೊಸ ನಕ್ಷೆ ಹರವಿದ್ದ.
ಸೀಟೆಲ್ಲಿ, ಅಂದೆ.
ಕೂರುವವರಿಲ್ಲ ವರ್ನಾ, ಅಂದ, ಕನ್ನಡಕ ಒರೆಸುತ್ತ.

‘ಇನ್ನು ಪೈಲಟನ್ನು ಕಳೆದುಕೊಳ್ಳುವ ಭಯವಿಲ್ಲ’
ಅಂದಿತು ಗಡಸು ದನಿ. ಸರಿ. ಒಳ್ಳೆಯದೇ.
ಎಡಭುಜದವನ ತಾಯಿ ನಾನಾಗಿದ್ದರೆ ಮೊಣಕಾಲೂರುತ್ತಿದ್ದೆ.

ಅದರ ಕಣ್ಣು ಕಂಡದ್ದನ್ನೂ ತೋರಿಸಿದರು:
ಯಾವುದೋ ದೇಶದ ಚಪ್ಪಟೆ ಮಾಳಿಗೆ,
ಹಗ್ಗದ ಮೇಲೆ ಬಟ್ಟೆ ಹರವುತ್ತಿರುವ ಒಂದು ಚುಕ್ಕೆ.
ಬಗ್ಗಿತು, ಎದ್ದಿತು, ಮತ್ತೆ ಬಗ್ಗಿತು.
ಬುಟ್ಟಿ ಕಾಲ ಬಳಿ ಇದೆ, ಅದಕ್ಕೆ.
ಚುಕ್ಕೆಯ ಸುತ್ತ ಬಿಳಿ ಚೌಕ.
ಅಷ್ಟರಲ್ಲಿ ಮಾತ್ರೆಯ ಜಾಹೀರಾತು ಬಂತು.
ಮರಳಿದಾಗ ಬೇರೆ ಮಾಳಿಗೆ.

ಕೂರುವವರಿಲ್ಲ ಅಂದದ್ದು ಸುಳ್ಳು, ಡೆಲ್ಬರ್ಟ್.
ಆ ಚೌಕವನ್ನು ಯಾರೋ ಎಲ್ಲೋ ಕೂತೇ ಎಳೆದಿರಬೇಕು,
ಗಾಲಿಯ ಕುರ್ಚಿಯಲ್ಲಿ, ಪಕ್ಕದಲ್ಲಿ ಕಾಫಿ.
ಅವನ ಬೆನ್ನಿನ ಅಳತೆ ಯಾರು ತೆಗೆದರೋ.

ಹನ್ನೊಂದಾಯಿತು. ಟೀವಿ ಆರಿಸಿದ್ದೇನೆ.
ಇನ್ನೊಂದೇ ಒಂದು, ಅದನ್ನವರು ತೋರಿಸಲಿಲ್ಲ:
ನಿನ್ನ ಒರಗು ಕುರ್ಚಿಯ ಹರಿದ ತೋಳಿಗೆ
ಹಸಿರು ದಾರ ಹಾಕಿದ್ದೆನಲ್ಲ, ಎಲ್ಲಿ ಸಿಕ್ಕಿತೇ ಅಂದಿದ್ದೆ.
ಊಟದ ಡಬ್ಬಿಯಲ್ಲಿ ಅಡಗಿಸಿ ತಂದದ್ದು, ಒಂದೂವರೆ ಗಜ.
ಬಟ್ಟೆಯೆಲ್ಲ ಪಿಸಿದುಹೋಗಿದೆ.
ದಾರ ಹಾಗೇ ಇದೆ.