ಅಳತಿ ಪುಸ್ತಕ

ಗುಳೇದಗುಡ್ಡದ ಮಗ್ಗದ ಓಣ್ಯಾಗ
ಮೂವತ್ತೊಂದು ವರ್ಷದಿಂದ ನನ್ನ ಮಿಷಿನ್ನು.
ಅಳತಿ ಪುಸ್ತಕ ಹನ್ನೆರಡಾದುವು,
ಗೆದ್ದಲಿ ತಿಂದದ್ದು ಬಿಟ್ಟು.

ತೋಳು, ಉದ್ದ, ಕೊರಳು, ಸುತ್ತು
ಎಲ್ಲಾ ಬರದಮ್ಯಾಲ
ಯಾರಿಗೂ ತಿಳೀಧಂಗ ಒಂದು ಚುಕ್ಕಿ ಇಡತೀನಿ.
ಎಡಕ್ಕಿದ್ದರ ಎಡಾ ದೊಡ್ಡದು,
ಬಲಕ್ಕಿದ್ದರ ಬಲಾ.
ಚುಕ್ಕಿ ಇಲ್ಲದ ಹಾಳಿ
ಹುಡುಕಿದರ ಸಿಕ್ಕೀತು. ನಾ ಹುಡುಕಿಲ್ಲ.

ಫೌಜದಾರನ ಹೆಂಡತಿ, ನಾಳಿನ ಮದಲಗಿತ್ತಿ,
ಏಳು ಹಡದಾಕಿ, ಏನೂ ಹಡೀದಾಕಿ,
ಟೇಪಿನ ಮುಂದ ಎಲ್ಲಾರೂ ಉಸಿರು ಹಿಡೀತಾರ.
ನಾ ಏನೂ ಕೇಳೂದಿಲ್ಲ.
ಸಣ್ಣ ಕಡೆ ಟಕ್ಸು ಒಂದು ನೂಲು ಬಿಗಿ,
ದೊಡ್ಡ ಕಡೆ ಒಂದು ನೂಲು ಸಡಲ.
ಕನ್ನಡಿ ಸುಮ್ಮನಾಗತದ.

ಆದರ ನಮ್ಮೂರ ಖಣ ಸುಳ್ಳು ಹೇಳೂದಿಲ್ಲ.
ಚಿಕ್ಕಿ ಸಾಲು ನೆಟ್ಟಗ ನೇಯ್ದ ಅರಿವಿ ಅದು,
ಒಳಗ ಎರಡು ಇಂಚಿನ ಫರಕಿದ್ದರ
ಒಂದು ಕಡೆ ಸಾಲು ಏರತದ,
ಒಂದು ಕಡೆ ಇಳೀತದ.

ದಾನೇಶ್ವರಿ ಬಂದಳು.
ಇಪ್ಪತ್ತೇಳು ವರ್ಷ, ಸೊಸಾಯ್ಟಿ ಬ್ಯಾಂಕಿನ್ಯಾಗ ಕ್ಯಾಷಿಯರ್.
ಹತ್ತು ವರ್ಷ ದುಪಟ್ಟಾ ಒಂದಽ ಕಡೆ ಹೊತ್ತಾಕಿ,
ಮಡಚಿದ ಅರಳಿ ಬಸ್ಸಿನ್ಯಾಗ ಜಾರಿದ್ದಕ್ಕ
ಕೌಂಟರಿನ ಕೆಳಗ ಕುಂತು ಸರಿಮಾಡಿಕೊಂಡಾಕಿ.
"ಮಾಬೂಬಿ ಚಿಗವ್ವಾ, ನನಗ ಖಣಾನಽ ಬೇಕು.
ಪ್ಯಾಡ್ ಇಡಬ್ಯಾಡ."

ಟೇಪು ತಗೊಂಡೆ. ತಾನಽ ಮಾತಾಡಿದಳು.
"ಬೆಳಗಾವಿಗೆ ಹೋಗಿದ್ದೆ.
ಡಾಕ್ಟರ್ ಬಾಯಿ ನಿಂದ್ರಿಸಿ, ಕೂಡಿಸಿ,
ನಿನ್ಹಂಗಽ ಟೇಪು ಹಿಡಿದು
ನೀಲಿ ಪೆನ್ನಿಂದ ಎದಿಮ್ಯಾಲ ಗೀಟು ಹೊಡದಳು.
ಸ್ಕ್ಯಾನ್ ಆತು. ಗಂಟಿಲ್ಲ, ರೋಗಲ್ಲ,
ಬೆಳಿಯೂದು ಬ್ಯಾರೆ ಬ್ಯಾರೆ ಆಗೇದ, ಅಷ್ಟಽ.
ದೊಡ್ಡದನ್ನ ಸಣ್ಣದು ಮಾಡಬಹುದಂತ.
ಇಲ್ಲಾ ಸಣ್ಣದರಾಗ ಸಿಲಿಕಾನ್ ಚೀಲ,
ಸಾಯೂತನಕಾ ಬಾಳತದಂತ ಖಾತ್ರಿಲ್ಲ, ಬದಲಿ ಮಾಡಬೇಕಾದೀತು.
ಇಲ್ಲಾ ಹೊಟ್ಟಿ ಕೊಬ್ಬು ತಗದು ತುಂಬೂದು,
ಒಂದಿಷ್ಟು ಕರಗೇ ಹೋಗತದ.
ಜೋತದ್ದನ್ನ ಎತ್ತಿ ಹೊಲಿಯೂದೂ ಅದ.
ಗಾಯದ ಗೀಟು ಉಳೀತದಂತ.
ಮುಂದ ಕೂಸಿಗೆ ಹಾಲು? ಬರಬಹುದು, ಕಡಿಮಿ ಆಗಬಹುದು.
ಏನೂ ಮಾಡದ ಇರೂದೂ ಒಂದು ದಾರಿ ಅಂದಳು.
ಎಷ್ಟು ಮಾಡಿದರೂ ತಕ್ಕಡಿಹಂಗ ಸಮಾ ಆಗೂದಿಲ್ಲಂತ."

ನನಗ ಪೂರಾ ತಿಳೀತು.
ಕತ್ತರಿಸೂದು, ಅಸ್ತರ ತುಂಬೂದು, ಎತ್ತಿ ಟಕ್ಸ್ ಹಾಕೂದು,
ಇದ್ದದ್ದನ್ನ ಇದ್ದಂಗ ಬಿಡೂದು.
ನಾ ತಪ್ಪಿದರ ಬಿಚ್ಚತೀನಿ.
ಮೈ ಅರಿವಿ ಅಲ್ಲವಾ ಅನ್ನಾಕ ಬಾಯಿ ತಗದೆ.
"ಅದನ್ನ ಅವ್ವ ದಿನಾ ಹೇಳತಾಳ," ಅಂದಳು.

ಬಾಯಿ ಮುಚ್ಚಿ ಸುತ್ತಿನ ಅಳತಿ ಬರದೆ.

"ಗಂಡಿನ ಕಡ್ಯಾವರು ಯಾರೂ ಕೇಳಿಲ್ಲ.
ರೊಕ್ಕ ನನ್ನ ಪಗಾರದ್ದು.
ಒಂದು ಸಲಾ ಓಡಬೇಕು ಚಿಗವ್ವಾ,
ಬಾಗಲಕೋಟಿ ಬಸ್ ಹಿಡ್ಯಾಕ
ಎರಡೂ ಕೈ ಬೀಸಿ."

ಅವತ್ತು ಸಂಜೀಕ ಕರೆಂಟ್ ಹೋತು.
ಹನ್ನೆರಡು ಪುಸ್ತಕದಾಗ ಇಲ್ಲದ ಒಬ್ಬಾಕಿಗೆ,
ನನಗ, ನಾನಽ ಟೇಪು ಹಿಡದೆ.
ಬಲಕ್ಕ ಚುಕ್ಕಿ.
ನಾಕೂ ಮಕ್ಕಳು ಬಲಗಡೀಗೇ ಹಠ ಹಿಡದದ್ದು,
ಎಡಾ ಕೊಟ್ಟರ ಒದ್ದದ್ದು
ನೆನಪಾಗಿ ಕತ್ತಲ್ಯಾಗ ನಕ್ಕೆ.

ಖಣ ಕತ್ತರಿಸೇನಿ.
ಎರಡೂ ಬಗಲಿಗೆ ಒಳಗ ಒಂದೂವರಿ ಇಂಚು ಬಿಟ್ಟು
ಕೈಯಿಂದ ದೊಡ್ಡ ಹೊಲಿಗಿ ಹಾಕೇನಿ,
ಒಂದಽ ಎಳಿ ಜಗ್ಗಿದರ ಬಿಚ್ಚಬೇಕು, ಹಂಗ.
ಚಿಕ್ಕಿ ಸಾಲು ಸ್ವಲ್ಪ ಓರೆ ಅದ. ಇರಲಿ ಅಂದಾಳ.
ಆಪರೇಷನ್ ಶ್ರಾವಣ ಕಳದಮ್ಯಾಲಂತ,
ಇನ್ನೊಂದು ಸಲಾ ವಿಚಾರ ಮಾಡತೀನಂತನೂ ಅಂದಾಳ.

ಅಕಿ ಹಾಳಿಯೊಳಗ ಚುಕ್ಕಿ
ಪೆನ್ಸಿಲ್ಲಿಂದ ಇಟ್ಟೇನಿ.